ಎಂಬಿಎ ಮುಗಿಯಿತು, ಕ್ರೀಡಾ ಮ್ಯಾನೇಜ್‌ಮೆಂಟ್‌ಗೆ ಬರಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 25 ವರ್ಷ. ಊರು ಪುತ್ತೂರಿನ ಹತ್ತಿರ, ಅಪ್ಪನಿಗೆ ಸಣ್ಣ ಅಡಿಕೆ ತೋಟ ಇದೆ. ಮಾರ್ಕೆಟಿಂಗ್‌ನಲ್ಲಿ ಎಂಬಿಎ ಮುಗಿಸಿ ಎರಡು ವರ್ಷ ಆಯಿತು. ಈಗ ಬೆಂಗಳೂರಿನ ಒಂದು ಖಾಸಗಿ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಮಾರುವ ಕೆಲಸ. ಕೈಗೆ 32 ಸಾವಿರ ಬರುತ್ತದೆ, ಅದರಲ್ಲಿ ಒಂಬತ್ತೂವರೆ ಸಾವಿರ ಎಜುಕೇಶನ್ ಲೋನ್ ಕಂತಿಗೆ ಹೋಗುತ್ತದೆ. ಚಿಕ್ಕಂದಿನಿಂದ ಕಬಡ್ಡಿ, ಕ್ರಿಕೆಟ್ ಅಂದರೆ ಪ್ರಾಣ. ಆದರೆ ಕಾಲೇಜು ತಂಡಕ್ಕಿಂತ ಮೇಲೆ ಆಡಿಲ್ಲ. ಕ್ರೀಡಾ ಮ್ಯಾನೇಜ್‌ಮೆಂಟ್‌ಗೆ ಬರಬೇಕು, ಆಟಗಾರರ ಏಜೆಂಟ್ ಆಗಬೇಕು ಅನ್ನುವ ಆಸೆ. ಒಂದು ಸಂಸ್ಥೆ ನಾಲ್ಕೂವರೆ ಲಕ್ಷಕ್ಕೆ ಒಂದು ವರ್ಷದ ಕೋರ್ಸ್ ಇದೆ, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅನ್ನುತ್ತಿದೆ. ಇನ್ನೊಬ್ಬರು 40 ಸಾವಿರ ಕಟ್ಟಿದರೆ ದೊಡ್ಡ ಲೀಗ್‌ನಲ್ಲಿ ಇಂಟರ್ನ್‌ಶಿಪ್ ಕೊಡಿಸುತ್ತಾರಂತೆ. ಅಪ್ಪ ಮಾತ್ರ 'ಆಟ ಆಡಿಸುವುದಕ್ಕೆ ಎಂಬಿಎ ಬೇಕಿತ್ತಾ' ಅಂತ ಕೇಳುತ್ತಾರೆ. ಬ್ಯಾಂಕ್ ಬಿಡಲಾ? ಕೋರ್ಸ್ ಸೇರಲಾ? ಅಂದಹಾಗೆ, ಎರಡು ವರ್ಷದ ಹಿಂದೆ ಊರಿನ ಯುವಕ ಮಂಡಲದಿಂದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಮಾಡಿಸಿದ್ದೆವು. 23 ಅಂಗಡಿಗಳಿಂದ 1 ಲಕ್ಷ 80 ಸಾವಿರ ಎತ್ತಿದ್ದು ನಾನೇ. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಲೆಕ್ಕಕ್ಕೆ ಬರುತ್ತದೆ. ನೀವು ಬರೆದಿರುವುದರಲ್ಲಿ ನನ್ನ ಗಮನ ಮೊದಲು ಹೋಗಿದ್ದೇ ಅಲ್ಲಿಗೆ. ಅದನ್ನು ನೀವು ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಈ ಕ್ಷೇತ್ರಕ್ಕೆ ಬಂದು 17 ವರ್ಷ ಆಯಿತು. ಓಟದ ಸ್ಪರ್ಧೆಗಳಿಂದ ಶುರು ಮಾಡಿ, ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಎಲ್ಲದರ ಹಿಂದಿನ ಕೆಲಸ ನೋಡಿದ್ದೇನೆ. ನಿಮ್ಮಂಥ ಪತ್ರಗಳು ವಾರಕ್ಕೆ ಒಂದೆರಡು ಬರುತ್ತವೆ. ಎಲ್ಲದರಲ್ಲೂ 'ಆಟ ಅಂದರೆ ಪ್ರಾಣ' ಅನ್ನುವ ಮಾತು ಇದ್ದೇ ಇರುತ್ತದೆ. ಆ ಪ್ರೀತಿ ನಿಜ ಅಂತ ನನಗೆ ಗೊತ್ತು. ಆದರೆ ಕೆಲಸ ಕೊಡುವವರ ಮೇಜಿನ ಮೇಲೆ ಬಂದು ಬೀಳುವ 200 ಅರ್ಜಿಗಳಲ್ಲೂ ಅದೇ ಪ್ರೀತಿ ಇರುತ್ತದೆ. ಹಾಗಾಗಿ ಅದನ್ನು ನೋಡಿ ಯಾರನ್ನೂ ಆರಿಸುವುದಕ್ಕೆ ಆಗುವುದಿಲ್ಲ. ಅವರು ಕೇಳುವುದು ಒಂದೇ: ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆ? ಮಾರುವುದಾ, ಲೆಕ್ಕವಾ, ಕಾನೂನಾ, ಡೇಟಾವಾ, ಜನರನ್ನು ಸೇರಿಸಿ ಕಾರ್ಯಕ್ರಮ ನಡೆಸುವುದಾ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಬಂದವರು ಉಳಿದಿದ್ದಾರೆ. ಬರೀ ಪ್ರೀತಿ ಇಟ್ಟುಕೊಂಡು ಬಂದವರು ಎರಡು ಸೀಸನ್ ಮುಗಿಯುವ ಹೊತ್ತಿಗೆ ಸುಸ್ತಾಗಿ ಬೇರೆ ಕಡೆ ಹೋಗಿದ್ದಾರೆ.

'ದೊಡ್ಡ ಮಟ್ಟದಲ್ಲಿ ಆಡಿಲ್ಲ' ಅನ್ನುವ ಚಿಂತೆ ಬಿಟ್ಟುಬಿಡಿ. ಕೋಚ್ ಆಗುವುದಕ್ಕೆ, ಆಟಗಾರರನ್ನು ಹುಡುಕಿ ತರುವ ಸ್ಕೌಟ್ ಆಗುವುದಕ್ಕೆ ಆಡಿದ ಅನುಭವ ಬೇಕು. ಸ್ಪಾನ್ಸರ್ ತರುವುದಕ್ಕೆ, ಟಿಕೆಟ್ ಮಾರುವುದಕ್ಕೆ, ಮೈದಾನ ಸಜ್ಜು ಮಾಡುವುದಕ್ಕೆ ಬೇಕಿಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ತುಂಬಾ ಗಟ್ಟಿಯಾದವರೊಬ್ಬರು ಮೊದಲು ಮದುವೆ ಮಂಟಪದ ಕ್ಯಾಟರಿಂಗ್ ನೋಡಿಕೊಳ್ಳುತ್ತಿದ್ದರು. ಸಾವಿರಾರು ಜನಕ್ಕೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದವರಿಗೆ ಪಂದ್ಯದ ದಿನ ಏನು ಅಂತ ಬೇಗ ತಿಳಿಯುತ್ತದೆ.

ಈಗ ದುಡ್ಡಿನ ವಿಷಯ. ಇದು ಅರ್ಥವಾದರೆ ಕೆಲಸ ಎಲ್ಲಿದೆ, ಎಲ್ಲಿಲ್ಲ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಐಪಿಎಲ್ ತಗೊಳ್ಳಿ. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ 10 ತಂಡಗಳಿಗೆ ಹಂಚಿಕೆಯಾಗುತ್ತದೆ. ಲೆಕ್ಕ ಹಾಕಿ ನೋಡಿ, ಟಾಸ್ ಹಾಕುವ ಮೊದಲೇ ಒಂದು ತಂಡಕ್ಕೆ ವರ್ಷಕ್ಕೆ 400 ಕೋಟಿಗೂ ಮೇಲೆ ಬಂದಿರುತ್ತದೆ. 2025ರ ಸೀಸನ್‌ಗೆ ಆಟಗಾರರನ್ನು ಉಳಿಸಿಕೊಳ್ಳುವುದಕ್ಕೂ ಹರಾಜಿನಲ್ಲಿ ಕೊಳ್ಳುವುದಕ್ಕೂ ಸೇರಿ ಒಂದು ತಂಡಕ್ಕಿದ್ದ ಮಿತಿ 120 ಕೋಟಿ. ಇಷ್ಟೆಲ್ಲ ದುಡ್ಡು ಇದ್ದ ಮೇಲೆ ಆಫೀಸಿನಲ್ಲಿ ನೂರಾರು ಜನ ಇರಬೇಕಲ್ವಾ ಅಂತ ಅನಿಸುತ್ತದೆ. ಇರುವುದಿಲ್ಲ. ಪ್ರಸಾರದ ಹಕ್ಕು ಮಾರುವುದು ಬಿಸಿಸಿಐ, ತಂಡ ಅಲ್ಲ. ತಂಡ ತಾನೇ ದುಡಿಯಬೇಕಾದ್ದು ಜರ್ಸಿ ಮೇಲಿನ ಸ್ಪಾನ್ಸರ್, ಟಿಕೆಟ್, ಬಾಕ್ಸ್ ಸೀಟು, ಜರ್ಸಿ ಮಾರಾಟ ಇಷ್ಟರಿಂದ. ಅದೂ ಎರಡು ತಿಂಗಳ ಆಟ. ವರ್ಷದ 12 ತಿಂಗಳೂ ಸಂಬಳ ಪಡೆಯುವ ಜನ ಕಡಿಮೆ. ಮಿಕ್ಕವರು ಮಾರ್ಚ್‌ನಲ್ಲಿ ಬಂದು ಜೂನ್‌ನಲ್ಲಿ ಹೋಗುವವರು.

ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲಿನ ದುಡ್ಡಿನಲ್ಲಿ ವರ್ಷ ದೂಡಬೇಕು. ಒಂದು ಮಳೆಗಾಲ ಕೊಳೆರೋಗ ಬಂದರೆ ಲೆಕ್ಕವೆಲ್ಲ ಏರುಪೇರು. ನಮ್ಮ ಕ್ಷೇತ್ರಕ್ಕೂ ಕೊಳೆರೋಗ ಬರುತ್ತದೆ. ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತುಹೋಗಿ, ಮತ್ತೆ ಶುರುವಾಗಿದ್ದು 2024ರ ಕೊನೆಯಲ್ಲಿ. ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ 2020ರಲ್ಲಿ ಬೆಂಗಳೂರು ತಂಡ ಗೆದ್ದ ಮೇಲೆ ಆಗಲೇ ಇಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ಅನ್ನೇ ತಡೆಹಿಡಿದರು. ಫುಟ್‌ಬಾಲ್ ಫೆಡರೇಶನ್‌ಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಮುಗಿಯುತ್ತಿತ್ತು, ಹೊಸದು ಆಗಿರಲಿಲ್ಲ. ಕೆಲವು ಕ್ಲಬ್‌ಗಳು ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿದವು. ಅದರ ಮರುತಿಂಗಳೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳಿಗೆ ಕೇಂದ್ರದ ಕಾಯ್ದೆ ನಿಷೇಧ ಹಾಕಿತು. ಭಾರತ ಕ್ರಿಕೆಟ್ ತಂಡದ ಜರ್ಸಿ ಮೇಲಿದ್ದ ಡ್ರೀಮ್ ಇಲೆವೆನ್ ಹೊರಗೆ ಹೋಯಿತು. ಆ ಕಾಯ್ದೆ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಆದರೆ ಸಣ್ಣ ಸಣ್ಣ ಲೀಗ್‌ಗಳಿಗೂ ಅಂಥ ಕಂಪನಿಗಳ ದುಡ್ಡೇ ಆಸರೆಯಾಗಿತ್ತು. ಆ ನೀರು ಒಮ್ಮೆಗೇ ನಿಂತಿತು.

ನನಗೂ ಇದರ ಪೆಟ್ಟು ಬಿದ್ದಿದೆ. ಒಂದು ಲೀಗ್‌ನಲ್ಲಿ ಎರಡನೇ ಸೀಸನ್ ಮುಗಿದ ಮೇಲೆ ಮೂರು ತಿಂಗಳ ಸಂಬಳ ಬರಲೇ ಇಲ್ಲ. ಆಗ ಮನೆಯಲ್ಲಿ ಮಗು ಹುಟ್ಟಿ ಎರಡು ತಿಂಗಳು. ಆ ದುಡ್ಡು ಇವತ್ತಿನವರೆಗೂ ಬಂದಿಲ್ಲ. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಒಂಬತ್ತೂವರೆ ಸಾವಿರ ಕಂತು ಇರುವವರು ಇದನ್ನು ಮೊದಲೇ ತಿಳಿದುಕೊಂಡಿರಬೇಕು, ಅಷ್ಟೇ.

ಹಾಗಾದರೆ ಕೆಲಸ ಎಲ್ಲಿದೆ? ಜಾಸ್ತಿ ಜನ ಕಣ್ಣು ಹಾಕದ ಕಡೆ ಇದೆ. ಎಲ್ಲಕ್ಕಿಂತ ಮೊದಲು ಸ್ಪಾನ್ಸರ್‌ಶಿಪ್ ಮಾರಾಟ. ಪ್ರತಿ ತಂಡಕ್ಕೂ, ಪ್ರತಿ ಲೀಗ್‌ಗೂ, ಪ್ರತಿ ಓಟಕ್ಕೂ ದುಡ್ಡು ತರುವವರು ಬೇಕು. ಮಾರುವುದು ಅಂದರೆ ಎಂಬಿಎ ಮುಗಿಸಿದ ಹುಡುಗರು ಮೂಗು ಮುರಿಯುತ್ತಾರೆ. ನೀವೂ ನಿಮ್ಮ ಬ್ಯಾಂಕ್ ಕೆಲಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ದಿನಕ್ಕೆ 50 ಫೋನ್ ಮಾಡಿ, 45 ಸಲ 'ಬೇಡ' ಅನ್ನಿಸಿಕೊಂಡು, ಸಂಜೆ ಮತ್ತೆ ಫೋನ್ ಹಿಡಿಯುವ ಅಭ್ಯಾಸ ನಿಮಗೆ ಆಗಲೇ ಆಗಿದೆ. ಅದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಸುಮಾರು ಹತ್ತು ವರ್ಷದ ಹಿಂದೆ ನೀರಿನ ಟ್ಯಾಂಕ್ ಮಾಡುವ ಒಂದು ಕಂಪನಿಯ ಮಾಲೀಕರ ಹತ್ತಿರ ಹೋಗಿದ್ದೆ. ಲ್ಯಾಪ್‌ಟಾಪ್‌ನಲ್ಲಿ 40 ಸ್ಲೈಡ್. ಎಷ್ಟು ಕೋಟಿ ಜನ ಟಿವಿ ನೋಡುತ್ತಾರೆ, ನಿಮ್ಮ ಹೆಸರು ಎಷ್ಟು ಸೆಕೆಂಡ್ ಕಾಣುತ್ತದೆ, ಎಲ್ಲ ಇತ್ತು. ಅವರು ಕಾಫಿ ಕುಡಿಯುತ್ತಾ ಹತ್ತು ಸ್ಲೈಡ್ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: 'ನಮ್ಮ ಡೀಲರ್‌ಗಳಿಗೆ ಏನು ಸಿಗುತ್ತದೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಟ್ಯಾಂಕ್ ಮಾರುವವರು ಊರೂರಿನ ಹಾರ್ಡ್‌ವೇರ್ ಅಂಗಡಿಯವರು. ಅಂಗಡಿಯವರಿಗೆ ಖುಷಿಯಾದರೆ ಟ್ಯಾಂಕ್ ಹೋಗುತ್ತದೆ. ವಾರದ ನಂತರ ಒಂದೇ ಒಂದು ಹಾಳೆ ತಗೊಂಡು ಹೋದೆ. 60 ಡೀಲರ್‌ಗಳಿಗೆ ಮನೆಯವರ ಸಮೇತ ಸೀಟು, ಪಂದ್ಯದ ಹಿಂದಿನ ದಿನ ಅಭ್ಯಾಸ ಮುಗಿದ ಮೇಲೆ ಇಬ್ಬರು ಆಟಗಾರರ ಜೊತೆ ಫೋಟೋ, ಆ ಫೋಟೋಗೆ ಫ್ರೇಮ್ ಹಾಕಿಸಿ ಅವರ ಅಂಗಡಿಗೇ ತಲುಪಿಸುವುದು. ಅವತ್ತೇ ಸಹಿ ಆಯಿತು. ಮೂರು ವರ್ಷ ಆ ಕಂಪನಿ ನಮ್ಮ ಜೊತೆ ಇತ್ತು. ಎಷ್ಟೋ ಊರಿನ ಅಂಗಡಿಗಳಲ್ಲಿ ಕ್ಯಾಶ್ ಕೌಂಟರ್ ಹಿಂದೆ, ದೇವರ ಪಟದ ಪಕ್ಕ, ಆ ಫೋಟೋ ನೋಡಿದ್ದೇನೆ.

ನೀವು 23 ಅಂಗಡಿ ಸುತ್ತಿದಾಗ ಮಾಡಿದ್ದೂ ಇದನ್ನೇ ಅಲ್ವಾ? ಬೇಕರಿಯವರಿಗೆ ಏನು ಬೇಕು, ಗೊಬ್ಬರದ ಅಂಗಡಿಯವರಿಗೆ ಏನು ಬೇಕು, ಯಾರ ಹೆಸರು ಫ್ಲೆಕ್ಸ್‌ನಲ್ಲಿ ಮೇಲೆ ಬರಬೇಕು, ಟ್ರೋಫಿ ಯಾರ ಕೈಯಿಂದ ಕೊಡಿಸಬೇಕು, ಮೈಕಿನಲ್ಲಿ ಯಾರ ಹೆಸರನ್ನು ಎಷ್ಟು ಸಲ ಹೇಳಬೇಕು. ಮೊತ್ತದಲ್ಲಿ ಸೊನ್ನೆಗಳು ಜಾಸ್ತಿಯಾದರೂ ಕೆಲಸದ ತಿರುಳು ಬದಲಾಗುವುದಿಲ್ಲ.

ಇದೇ ಕೆಲಸ ಮೇಜಿನ ಆಚೆ ಕಡೆಯೂ ಇದೆ. ದುಡ್ಡು ಕೊಡುವ ಕಂಪನಿಗಳಲ್ಲಿ, ಯಾವ ಆಟಕ್ಕೆ ಎಷ್ಟು ಹಾಕಬೇಕು ಅಂತ ನೋಡುವವರು ಇರುತ್ತಾರೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಜರ್ಸಿ ಮೇಲೆ ನಮ್ಮ ನಂದಿನಿ ಬಂದಿತ್ತು, ನೆನಪಿದೆಯಾ? ಅಷ್ಟು ದೂರದ ತಂಡಕ್ಕೆ ನಮ್ಮ ಹಾಲಿನ ಹೆಸರು ಹಾಕಿಸಿದರೆ ನಮ್ಮ ಜನ ಅದನ್ನು ಹಂಚಿಕೊಂಡು ಮಾತಾಡುತ್ತಾರೆ ಅಂತ ಯಾರೋ ಕೂತು ಯೋಚಿಸಿರಬೇಕು. ಅಂಥ ಕೆಲಸಕ್ಕೆ ಕಂಪನಿಯ ಸಂಬಳ ಇರುತ್ತದೆ, ಸೀಸನ್‌ನ ಭಯ ಇರುವುದಿಲ್ಲ. ಸ್ಥಿರತೆ ಬೇಕಾದವರಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಎರಡನೆಯದು ಪಂದ್ಯದ ದಿನದ ಕೆಲಸ. ನಾವು ಅದನ್ನು ಆಪರೇಶನ್ಸ್ ಅಂತೀವಿ. ಟಿವಿಯಲ್ಲಿ ನೋಡಿದವರಿಗೆ ಇದರ ಅಂದಾಜೇ ಇರುವುದಿಲ್ಲ. ಸಂಜೆ ಏಳೂವರೆಗೆ ಪಂದ್ಯ ಅಂದರೆ ನಾವು ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಡಿಯಂನಲ್ಲಿ. ಕುತ್ತಿಗೆಗೆ ಹಾಕುವ ಗುರುತಿನ ಕಾರ್ಡಿನಲ್ಲಿ ಯಾರಿಗೆ ಯಾವ ಬಾಗಿಲು ಅಂತ ನಂಬರ್ ಇರುತ್ತದೆ, ಅದು ತಪ್ಪಾಗಿ ಅಚ್ಚಾಗಿರುತ್ತದೆ. ಆಟಗಾರರು, ಅಂಪೈರ್‌ಗಳು ಇರುವ ಜಾಗಕ್ಕೆ ಪಿಎಂಒಎ ಅಂತಾರೆ, ಅಲ್ಲಿಗೆ ಮೊಬೈಲ್ ಒಯ್ಯುವಂತಿಲ್ಲ. ಅದು ಗೊತ್ತಿಲ್ಲದ ಸ್ಪಾನ್ಸರ್ ಅತಿಥಿ ಬಾಗಿಲಲ್ಲಿ ಜಗಳಕ್ಕೆ ನಿಂತಿರುತ್ತಾರೆ. ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ಯಾರೋ ಬೇರೆ ಕಂಪನಿಯ ನೀರಿನ ಬಾಟಲಿ ಇಟ್ಟಿರುತ್ತಾರೆ. ಕ್ಯಾಮೆರಾ ಶುರುವಾಗುವ ಮೊದಲು ಓಡಿಹೋಗಿ ಅದರ ಲೇಬಲ್ ಕೀಳಬೇಕು. ಇಷ್ಟರ ಮಧ್ಯೆ ಫೋನ್ ನಿಲ್ಲುವುದೇ ಇಲ್ಲ, ಎಲ್ಲರಿಗೂ ಪಾಸ್ ಬೇಕು. ಹತ್ತು ವರ್ಷ ಮಾತಾಡದ ಸಂಬಂಧಿಕರೂ ಅವತ್ತು ಫೋನ್ ಮಾಡುತ್ತಾರೆ. ಒಂದು ಸಲ ಒಬ್ಬ ಸ್ಪಾನ್ಸರ್‌ಗೆ ಕೊಟ್ಟ 40 ಸೀಟಿನಲ್ಲಿ 12 ಸೀಟು ಇನ್ನೊಬ್ಬರಿಗೂ ಹೋಗಿತ್ತು. ಟಾಸ್‌ಗೆ ಹತ್ತು ನಿಮಿಷ ಇರುವಾಗ ಗೊತ್ತಾಯಿತು. ನಮ್ಮ ತಂಡದ ಹೊಸ ಹುಡುಗಿಯೊಬ್ಬಳು ಯಾರನ್ನೂ ಕೇಳದೆ, ನಾವು ಕೂರಬೇಕಿದ್ದ ಸಾಲನ್ನೇ ಅವರಿಗೆ ಬಿಟ್ಟುಕೊಟ್ಟು, 12 ಜನರನ್ನೂ ಕೂರಿಸಿ, ಟೀ ತರಿಸಿ, ಆಮೇಲೆ ಬಂದು ನನಗೆ ಹೇಳಿದಳು. ಪಂದ್ಯದ ಒಂದು ಬಾಲ್ ಕೂಡ ಅವಳು ನೋಡಲಿಲ್ಲ. ಇವತ್ತು ಅವಳು ಒಂದು ತಂಡದ ಆಪರೇಶನ್ಸ್ ಮುಖ್ಯಸ್ಥೆ.

ಈ ಕೆಲಸ ಎಷ್ಟು ದೊಡ್ಡ ಜವಾಬ್ದಾರಿಯದು ಅನ್ನುವುದನ್ನು ಬೆಂಗಳೂರಿನವರಿಗೆ ಹೇಳುವ ಅಗತ್ಯವಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಯಾರದ್ದು ತಪ್ಪು ಅನ್ನುವುದನ್ನು ತೀರ್ಮಾನ ಮಾಡುವುದಕ್ಕೆ ಬೇರೆಯವರಿದ್ದಾರೆ. ಆದರೆ ಆ ದಿನದಿಂದ ನಾನು ಹೊಸಬರಿಗೆ ಪಾಠ ಹೇಳುವಾಗ ಮೊದಲು ಮಾತಾಡುವುದು ಗೇಟಿನ ಬಗ್ಗೆ. ಯಾವ ಗೇಟು ಎಷ್ಟು ಹೊತ್ತಿಗೆ ತೆಗೆಯಬೇಕು, ಒಂದು ಗೇಟಿನಿಂದ ನಿಮಿಷಕ್ಕೆ ಎಷ್ಟು ಜನ ಒಳಗೆ ಹೋಗಬಹುದು, ಟಿಕೆಟ್ ಬೇಕೋ ಬೇಡವೋ ಅನ್ನುವ ಸುದ್ದಿ ಎಲ್ಲರಿಗೂ ಒಂದೇ ತರ ತಲುಪಿದೆಯಾ, ಆಂಬುಲೆನ್ಸ್ ಹೊರಗೆ ಹೋಗುವ ದಾರಿ ಖಾಲಿ ಇದೆಯಾ, ಪೊಲೀಸರ ಜೊತೆ ಲಿಖಿತವಾಗಿ ಏನೇನು ಒಪ್ಪಂದವಾಗಿದೆ. ಜನಸಂದಣಿಯನ್ನು ಸಂಭಾಳಿಸುವುದನ್ನು ಶಾಸ್ತ್ರೀಯವಾಗಿ ಕಲಿತವರು ನಮ್ಮಲ್ಲಿ ಕಡಿಮೆ. ನೀವು ಏನಾದರೂ ಹೊಸದಾಗಿ ಕಲಿಯುವುದಾದರೆ ಇದನ್ನು ಕಲಿಯಿರಿ ಅಂತ ಮನಸ್ಸಿಟ್ಟು ಹೇಳುತ್ತೇನೆ. ಆಟ ನೋಡುವುದಕ್ಕೆ ಬಂದವರು ಮನೆಗೆ ವಾಪಸ್ ಹೋಗಬೇಕು. ಅದಕ್ಕಿಂತ ದೊಡ್ಡ ಕೆಲಸ ಈ ಕ್ಷೇತ್ರದಲ್ಲಿ ಬೇರೆ ಇಲ್ಲ.

ಏಜೆಂಟ್ ಆಗುವ ಆಸೆಗೆ ಬರೋಣ. ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ. ವಿದೇಶಿ ಫುಟ್‌ಬಾಲ್‌ನಲ್ಲಿ ಏಜೆಂಟ್ ಕ್ಲಬ್ ಜೊತೆ ಕೂತು ಆಟಗಾರನ ಸಂಬಳ ಮಾತಾಡುತ್ತಾನೆ. ಐಪಿಎಲ್ ಹರಾಜಿನಲ್ಲಿ ಆ ಮಾತುಕತೆಗೆ ಜಾಗವೇ ಇಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋಗಿದ್ದು ತಂಡಗಳು ಪಟ್ಟು ಬಿಡದೆ ಕೂಗಿದ್ದರಿಂದ. ಹಾಗಾಗಿ ಇಲ್ಲಿ ಕ್ರಿಕೆಟಿಗರ ಮ್ಯಾನೇಜರ್‌ಗಳು ದುಡಿಯುವುದು ಮುಖ್ಯವಾಗಿ ಜಾಹೀರಾತಿನಿಂದ, ಅದರಲ್ಲಿ ಒಂದು ಪಾಲು. ಜಾಹೀರಾತು ಬರುವುದು ಮೇಲಿನ ಕೆಲವೇ ಆಟಗಾರರಿಗೆ, ಅವರೆಲ್ಲ ದೊಡ್ಡ ಏಜೆನ್ಸಿಗಳ ಕೈಯಲ್ಲಿದ್ದಾರೆ. ಫುಟ್‌ಬಾಲ್‌ನಲ್ಲಿ ಏಜೆಂಟ್ ಆಗಬೇಕಾದರೆ ಫಿಫಾ ಪರೀಕ್ಷೆ ಪಾಸಾಗಬೇಕು. 2023ರಿಂದ ಇದು ಜಾರಿಯಲ್ಲಿದೆ: ಒಂದು ಗಂಟೆ, 20 ಪ್ರಶ್ನೆ, ಶೇಕಡಾ 75 ಅಂಕ ಬೇಕು. ಪಾಸಾಗುವುದು ಕಷ್ಟವಾದರೂ ಸಾಧ್ಯ. ಆದರೆ ಪಾಸಾದ ತಕ್ಷಣ ಆಟಗಾರರು ಬಂದು ಸೇರುವುದಿಲ್ಲ.

ನಿಜವಾಗಿ ಅಥ್ಲೀಟ್ ಮ್ಯಾನೇಜರ್ ಮಾಡುವ ಕೆಲಸದಲ್ಲಿ ಒಂದು ತುಣುಕು ಹೇಳುತ್ತೇನೆ. ಉದ್ದೀಪನ ಮದ್ದಿನ (ಡೋಪಿಂಗ್) ಪರೀಕ್ಷೆಯ ಪಟ್ಟಿಯಲ್ಲಿರುವ ಆಟಗಾರರು ಮೂರು ತಿಂಗಳಿಗೊಮ್ಮೆ, ಪ್ರತಿ ದಿನ ತಾವು ಎಲ್ಲಿರುತ್ತೇವೆ, ಯಾವ ಒಂದು ಗಂಟೆ ಪರೀಕ್ಷೆಗೆ ಸಿಗುತ್ತೇವೆ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಒಂದು ಹನಿ ಔಷಧಿ ತಗೊಳ್ಳದಿದ್ದರೂ ನಿಷೇಧ ಬೀಳಬಹುದು. ಹಳ್ಳಿಯಿಂದ ಬಂದ 19 ವರ್ಷದ ಹುಡುಗ ಹಬ್ಬಕ್ಕೆ ಅಂತ ಊರಿಗೆ ಹೋಗುತ್ತಾನೆ, ಆ್ಯಪ್‌ನಲ್ಲಿ ವಿಳಾಸ ಬದಲಿಸುವುದಕ್ಕೆ ಮರೆಯುತ್ತಾನೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅದನ್ನು ನೆನಪಿಸುವವರು ಬೇಕು. ಕೆಮ್ಮಿನ ಸಿರಪ್ ಕುಡಿಯುವ ಮೊದಲು ಕೇಳು ಅಂತ ಹೇಳುವವರು ಬೇಕು. ಇದು ಸೂಟು ಹಾಕಿಕೊಂಡು ಸಹಿ ಹಾಕಿಸುವ ಕೆಲಸಕ್ಕಿಂತ ಅಣ್ಣನ ಕೆಲಸಕ್ಕೆ ಹತ್ತಿರ. ಇದು ನಿಮಗೆ ಇಷ್ಟವಾದರೆ ಮೊದಲು ಆಟಗಾರರಿಗೆ ನೆರವು ಕೊಡುವ ಸಂಸ್ಥೆಗಳ ಕಡೆ ನೋಡಿ. ಪ್ರಕಾಶ್ ಪಡುಕೋಣೆ ಮತ್ತು ಗೀತ್ ಸೇಠಿ ಶುರು ಮಾಡಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಇದೆ, ಬೆಂಗಳೂರಿನಲ್ಲೇ ಗೋಸ್ಪೋರ್ಟ್ಸ್ ಫೌಂಡೇಶನ್ ಇದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಇಂಥ ಕಡೆ ನಾಲ್ಕು ವರ್ಷ ಇದ್ದರೆ ಆಟಗಾರರ, ಅವರ ಅಪ್ಪ ಅಮ್ಮಂದಿರ ನಂಬಿಕೆ ಬರುತ್ತದೆ. ಏಜೆಂಟ್‌ಗೆ ಅದೇ ಬಂಡವಾಳ.

ನಾಲ್ಕೂವರೆ ಲಕ್ಷದ ಕೋರ್ಸ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಈಗ ಬೇಡ. ಎಂಬಿಎ ಇಲ್ಲದವರಿಗೆ, ಡಿಗ್ರಿ ಮುಗಿಸಿ ನೇರವಾಗಿ ಬರುವವರಿಗೆ ಒಳ್ಳೆಯ ಕೋರ್ಸ್‌ನಿಂದ ಲಾಭ ಇದೆ, ಅದು ಪಾಠದಿಂದಲ್ಲ, ಪರಿಚಯದಿಂದ. ರೋಹ್ಟಕ್‌ನ ಐಐಎಂ ಕೂಡ ಕ್ರೀಡಾ ಮ್ಯಾನೇಜ್‌ಮೆಂಟ್ ಕಲಿಸುತ್ತದೆ. ಹೊರದೇಶದಲ್ಲಿ ಫಿಫಾ ಮಾಸ್ಟರ್ ಅಂತ ಇದೆ, ಇಂಗ್ಲೆಂಡ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ಕಡೆ ಓದಬೇಕು, ಖರ್ಚೂ ಹಾಗೇ ಇದೆ. ಆದರೆ ನಿಮ್ಮ ಹತ್ತಿರ ಎಂಬಿಎ ಆಗಲೇ ಇದೆ, ಅದರ ಸಾಲವೂ ಇದೆ. ಸಾಲದ ಮೇಲೆ ಸಾಲ ಮಾಡಿ ಅದೇ ಮಾರ್ಕೆಟಿಂಗ್ ಪಾಠವನ್ನು ಕ್ರಿಕೆಟ್ ಉದಾಹರಣೆ ಜೊತೆ ಮತ್ತೆ ಕೇಳಬೇಕಾಗಿಲ್ಲ. ಆದರೂ ಮನಸ್ಸು ಎಳೆಯುತ್ತಿದ್ದರೆ ಆ ಸಂಸ್ಥೆಯವರಿಗೆ ಒಂದು ಮಾತು ಕೇಳಿ: ಎರಡು ವರ್ಷದ ಹಿಂದೆ ಪಾಸಾದ ಬ್ಯಾಚಿನಲ್ಲಿ ಇವತ್ತಿಗೂ ಕ್ರೀಡೆಯಲ್ಲೇ ಇರುವ ಹತ್ತು ಜನರ ಫೋನ್ ನಂಬರ್ ಕೊಡಿ, ಮಾತಾಡುತ್ತೇನೆ. ಕೊಟ್ಟರೆ ಮುಂದೆ ಯೋಚನೆ ಮಾಡಿ. ಮಾತು ತಿರುಗಿಸಿದರೆ ಎದ್ದು ಬನ್ನಿ.

40 ಸಾವಿರ ಕಟ್ಟಿ ಇಂಟರ್ನ್‌ಶಿಪ್? ಖಂಡಿತ ಬೇಡ. ಕೆಲಸ ಮಾಡುವವರಿಂದ ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ.

ಹಾಗಾದರೆ ಏನು ಮಾಡಬೇಕು? ಬ್ಯಾಂಕ್ ಬಿಡಬೇಡಿ, ಸದ್ಯಕ್ಕೆ. ಶನಿವಾರ, ಭಾನುವಾರ ನಿಮ್ಮದು ಮಾಡಿಕೊಳ್ಳಿ. 2008ರಿಂದ ಬೆಂಗಳೂರಿನಲ್ಲಿ ವಿಶ್ವ 10ಕೆ ಓಟ ನಡೆಯುತ್ತಿದೆ, ಅದಕ್ಕೆ ಸ್ವಯಂಸೇವಕರು ಬೇಕೇ ಬೇಕು. ಕ್ರಿಕೆಟ್‌ನಲ್ಲಿ ಕೆಎಸ್‌ಸಿಎ ಮಹಾರಾಜ ಟ್ರೋಫಿ ಇದೆ, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಪಂದ್ಯಗಳಿವೆ, ವಾರ್ಡಿಗೊಂದರಂತೆ ಕಾರ್ಪೊರೇಟ್ ಟೂರ್ನಿಗಳಿವೆ. ನಾನು ಬಂದಿದ್ದೂ ಹಾಗೇ. ಮೊದಲ ಓಟದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ರಸ್ತೆಗೆ ಬ್ಯಾರಿಕೇಡ್ ಹಾಕಿ, ಒಂಬತ್ತಕ್ಕೆ ಅದನ್ನೇ ಎತ್ತಿದೆ. ಅವತ್ತು ಸಿಕ್ಕಿದ್ದು ಒಂದು ಟೀ ಶರ್ಟ್, ಒಂದು ತಿಂಡಿ ಪೊಟ್ಟಣ, ಮತ್ತೆ ಒಬ್ಬರ ಫೋನ್ ನಂಬರ್. ಆ ನಂಬರಿನಿಂದ ಆರು ತಿಂಗಳ ನಂತರ ಕೆಲಸಕ್ಕೆ ಕರೆ ಬಂತು. ಈ ಕ್ಷೇತ್ರದಲ್ಲಿ ಎಷ್ಟೋ ಕೆಲಸಗಳು ಜಾಹೀರಾತಿಗೆ ಬರುವುದೇ ಇಲ್ಲ. 'ಅವತ್ತು ಒಬ್ಬ ಹುಡುಗ ಇದ್ದನಲ್ಲ, ಅವನನ್ನು ಕರೀರಿ' ಅಂತ ತುಂಬುತ್ತವೆ. ಆ ಹುಡುಗ ನೀವಾಗಬೇಕಾದರೆ ಅಲ್ಲಿ ಇರಬೇಕು. ಒಂದು ಎಚ್ಚರಿಕೆ ಮಾತ್ರ: ಸಂಬಳವಿಲ್ಲದ ಕೆಲಸಕ್ಕೆ ಮಿತಿ ಹಾಕಿಕೊಳ್ಳಿ. ನಾಲ್ಕೈದು ಕಾರ್ಯಕ್ರಮದ ನಂತರವೂ ಪುಕ್ಕಟೆ ಕರೆಯುವವರಿಗೆ ದುಡ್ಡು ಎಷ್ಟು ಅಂತ ಕೇಳಿ.

ಅದೇ ಹೊತ್ತಿಗೆ ಆರು ತಿಂಗಳ ಕಂತು, ಆರು ತಿಂಗಳ ಬಾಡಿಗೆ, ಊಟದ ಖರ್ಚು ಕೂಡಿಡಿ. ನಿಮ್ಮ ಸಂಬಳದಲ್ಲಿ ಅದಕ್ಕೆ ಒಂದೂವರೆ ವರ್ಷ ಹಿಡಿಯಬಹುದು, ಪರವಾಗಿಲ್ಲ. ಯಾಕೆಂದರೆ ಹೊಸಬರಿಗೆ ಇಲ್ಲಿ ಸಿಗುವುದು, ನಾನು ಕಂಡ ಹಾಗೆ, ತಿಂಗಳಿಗೆ 25ರಿಂದ 40 ಸಾವಿರ, ಅದೂ ಎಷ್ಟೋ ಸಲ ಸೀಸನ್ ಲೆಕ್ಕದಲ್ಲಿ. ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆಗೂ ಬರಬೇಕಾಗಬಹುದು. ಮೂರು ನಾಲ್ಕು ವರ್ಷದಲ್ಲಿ, ಅದರಲ್ಲೂ ಸ್ಪಾನ್ಸರ್ ತರುವವರಿಗೆ, ಬೆಳವಣಿಗೆ ಚೆನ್ನಾಗಿದೆ. ಕೆಲಸಕ್ಕೆ ಕರೆದಾಗ ಮೂರು ವಿಷಯ ಕಾಗದದ ಮೇಲೆ ತಗೊಳ್ಳಿ: ಕೆಲಸ ಎಷ್ಟು ತಿಂಗಳು, ಸಂಬಳ ಯಾವ ತಾರೀಕು, ಲೀಗ್ ಮುಂದೂಡಿದರೆ ಏನು. ಬಾಯಿ ಮಾತಿಗೆ ಒಪ್ಪಿ ನಾನು ಕಳಕೊಂಡಿದ್ದು ಮೂರು ತಿಂಗಳ ಸಂಬಳ.

ಕ್ರಿಕೆಟ್ ಒಂದನ್ನೇ ನೋಡಬೇಡಿ. ಕಬಡ್ಡಿ ನಿಮ್ಮ ನೆಲದ ಆಟ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆ ಆಟದ ಒಳಹೊರಗು ಗೊತ್ತಿರುವ, ಲೆಕ್ಕವೂ ಬರುವ, ಮಾತೂ ಬರುವ ಜನರಿಗೆ ಬೆಲೆ ಬಂದಿದೆ. ಮಹಿಳಾ ಕ್ರಿಕೆಟ್ ಬೆಳೆಯುತ್ತಿದೆ. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಿಂದ ಫೆಡರೇಶನ್‌ಗಳು ಚುನಾವಣೆ, ಲೆಕ್ಕಪತ್ರ, ಆಟಗಾರರ ದೂರು ಎಲ್ಲವನ್ನೂ ಕ್ರಮವಾಗಿ ಇಡಬೇಕಾಗಿದೆ, ಅದಕ್ಕೆ ಓದಿದವರು ಬೇಕು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ನಲ್ಲಿದೆ. ಅಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ನಾಲ್ಕು ವರ್ಷದ ಅನುಭವ ಇದ್ದರೆ ಬಾಗಿಲು ತಟ್ಟುವುದಕ್ಕೆ ಧೈರ್ಯ ಬರುತ್ತದೆ.

ನಿಮ್ಮ ಅಪ್ಪನ ಪ್ರಶ್ನೆಗೆ ಸಿಟ್ಟಾಗಬೇಡಿ. ಅವರು ಕೇಳುತ್ತಿರುವುದು ದುಡ್ಡು ಎಲ್ಲಿಂದ ಬರುತ್ತದೆ ಅಂತ. ಮೇಲೆ ಬರೆದ ಲೆಕ್ಕವನ್ನೇ ಅವರ ಮುಂದಿಡಿ, ಅಪಾಯವನ್ನೂ ಮುಚ್ಚಿಡದೆ ಹೇಳಿ. ತೋಟ ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಆ ಪಂದ್ಯಾಟದ ಲೆಕ್ಕದ ಪುಸ್ತಕ ಎಲ್ಲಿದೆ? ಯಾರ ಹತ್ತಿರ ಎಷ್ಟು ಬಂತು, ಲೈಟಿಗೆ ಎಷ್ಟು, ಮ್ಯಾಟ್ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಕೊನೆಗೆ ಎಷ್ಟು ಉಳಿಯಿತು, ಎಲ್ಲ ಬರೆದಿರುತ್ತೀರಿ. ಮುಂದಿನ ಸಲ ಊರಿಗೆ ಹೋದಾಗ ಹುಡುಕಿ ತನ್ನಿ. ಒಂದು ಪುಟದಲ್ಲಿ ಅದನ್ನು ನೀಟಾಗಿ ಬರೆದು, ಆ ರಾತ್ರಿಯ ಎರಡು ಫೋಟೋ ಹಾಕಿ. ಆ 23 ಅಂಗಡಿಯವರಲ್ಲಿ ಎಷ್ಟು ಜನ ಮುಂದಿನ ವರ್ಷವೂ ಕೊಡುತ್ತೇವೆ ಅಂದರು ಅನ್ನುವುದನ್ನೂ ಬರೆಯಿರಿ. ಇಂಟರ್‌ವ್ಯೂನಲ್ಲಿ 'ನಿಮ್ಮ ಬಗ್ಗೆ ಹೇಳಿ' ಅಂದಾಗ ಸರ್ಟಿಫಿಕೇಟ್ ಫೈಲ್ ತೆಗೆಯುವ ಮೊದಲು ಆ ಪುಟ ಮುಂದಿಡಿ.